ಆಟಿಯಲ್ಲಿ ಮದುವೆಯಾದವಳು

ಪಂಪ್‌ವೆಲ್ ಮೇಲ್ಸೇತುವೆಯ ಕೆಳಗೆ ನಿಂತರೆ ಒದ್ದೆಯಾಗುವುದಿಲ್ಲ ಎಂದು ನಂಬುವವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಗಾಳಿ ಮಳೆಯನ್ನು ಅಡ್ಡಕ್ಕೆ ಹೊಡೆಯುವಾಗ ತಲೆಯ ಮೇಲೆ ಸೇತುವೆ ಇದ್ದರೇನು, ಆಕಾಶ ಇದ್ದರೇನು. ಕಳೆದ ವಾರ ಕುಲಶೇಖರದ ಬಸ್ಸು ತಪ್ಪಿಸಿಕೊಂಡ ನಾನು ಅಂಥ ಬುದ್ಧಿವಂತರ ಗುಂಪಿನಲ್ಲಿ ಐದು ನಿಮಿಷ ನಿಂತು, ಮೊಣಕಾಲಿನ ತನಕ ನೆನೆದು, ಕೊನೆಗೆ ನನ್ನ ಜೊತೆಯ ಮೇಷ್ಟ್ರು ಹಮೀದರ ಅಣ್ಣನ ಫ್ಯಾನ್ಸಿ ಅಂಗಡಿಯೊಳಗೆ ನುಗ್ಗಿದೆ. ಹೊಸ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಮಕ್ಕಳ ರೈನ್‌ಕೋಟುಗಳ ಪಕ್ಕದಲ್ಲೇ ಒಂದು ಹಗ್ಗಕ್ಕೆ ಜೋಂಬಿ ಮುಖವಾಡಗಳನ್ನು ಸಾಲಾಗಿ ತೂಗುಹಾಕಿದ್ದರು. ಹಸಿರು ಚರ್ಮ, ಹರಿದ ತುಟಿ, ಗುಳಿಯಿಂದ ಹೊರಗೆ ಬಿದ್ದ ಒಂದು ಕಣ್ಣು. ಕೆಲವು ವರ್ಷಗಳ ಹಿಂದೆ ಇದೇ ಅಂಗಡಿಯಲ್ಲಿ, ಇದೇ ವಾಸನೆಯ ನಡುವೆ ನಿಂತು ನಾನು ಇಡೀ ಮಂಗಳೂರನ್ನು ನಡೆದಾಡುವ ಹೆಣ ಎಂದು ಬೈದಿದ್ದೆ. ಆ ಮಳೆಗಾಲ ನೆನಪಾಯಿತು.

ಆ ವರ್ಷ ಊರಿಗೆ ಜೋಂಬಿ ಜ್ವರ ಬಂದಿತ್ತು. ಒಂದು ಮಾಲಿನವರು ‘ಜೋಂಬಿ ನಡಿಗೆ’ ಎಂದು ಏರ್ಪಡಿಸಿದರು. ಕಾಲೇಜಿನ ಹುಡುಗ ಹುಡುಗಿಯರು ಮುಖಕ್ಕೆ ಕೆಂಪು ಬಣ್ಣ ಬಳಿದುಕೊಂಡು, ಕೈಗಳನ್ನು ಮುಂದಕ್ಕೆ ಚಾಚಿ, ಎಸ್ಕಲೇಟರಿನಲ್ಲಿ ಹತ್ತಿ ಇಳಿದರು. ಎಸ್ಕಲೇಟರ್ ಹತ್ತುವುದಕ್ಕೆ ಇವರಿಗೆ ವೇಷ ಯಾಕೆ ಬೇಕು ಎಂಬುದು ನನಗೆ ತಿಳಿಯಲಿಲ್ಲ; ಮಾಮೂಲಿ ದಿನಗಳಲ್ಲೂ ಅವರು ಹತ್ತುವುದು ಹಾಗೆಯೇ. ಮುಖವಾಡಗಳನ್ನು ಒದಗಿಸಿದ್ದು ಹಮೀದರ ಅಣ್ಣ. ಹಮೀದರು ನಮ್ಮ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ನಾನು ಸಮಾಜ ಪಾಠದವನು. ಇಪ್ಪತ್ತು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತವರು. ಅವರ ಮನೆಯವರೆಲ್ಲ ಅಂಗಡಿ, ಇಲ್ಲವೇ ಗಲ್ಫ್. ಇವರೊಬ್ಬರೇ ಚಾಕ್‌ಪೀಸು ಹಿಡಿದದ್ದು, ಅದಕ್ಕೆ ಈಗಲೂ ಮನೆಯಲ್ಲಿ ತಮಾಷೆ ಮಾಡಿಸಿಕೊಳ್ಳುತ್ತಾರೆ.

ಆ ಜ್ವರ ವಿದ್ವಾಂಸರಿಗೂ ತಗಲಿತು. ಒಂದು ಕಾಲೇಜಿನಲ್ಲಿ ‘ಜೋಂಬಿ: ಜಾನಪದ, ಸಿನಿಮಾ, ರಾಜಕಾರಣ’ ಎಂದು ವಿಚಾರ ಸಂಕಿರಣ ಇಟ್ಟರು. ಚಹಾದ ಜೊತೆ ಕೊಡುವ ಗೋಳಿಬಜೆ ಚೆನ್ನಾಗಿರುತ್ತದೆ ಎಂದು ಹಮೀದರು ನನ್ನನ್ನು ಎಳೆದುಕೊಂಡು ಹೋದರು. ಬೆಳಗಿನ ವಿಮಾನದಲ್ಲಿ ಬಂದಿಳಿದ ಒಬ್ಬರು ಎರಡು ಗಂಟೆ ಮಾತಾಡಿದರು. ಸಿನಿಮಾದ ಜೋಂಬಿ ಮನುಷ್ಯರನ್ನು ತಿನ್ನುತ್ತದಂತೆ. ಆದರೆ ಅದು ಮೊದಲು ಹುಟ್ಟಿದ ದ್ವೀಪದಲ್ಲಿ ಯಾರನ್ನೂ ತಿನ್ನುತ್ತಿರಲಿಲ್ಲವಂತೆ. ಅಲ್ಲಿ ಕಬ್ಬಿನ ತೋಟಗಳಲ್ಲಿ ಗುಲಾಮರನ್ನು ದುಡಿಸುತ್ತಿದ್ದರು. ಸತ್ತರೆ ಬಿಡುಗಡೆ ಎಂದು ನಂಬಿದ್ದ ಆ ಬಡಪಾಯಿಗಳಿಗೆ ಇದ್ದ ಒಂದೇ ಹೆದರಿಕೆ, ಸತ್ತ ಮೇಲೂ ಯಾರೋ ಎಬ್ಬಿಸಿ ಮತ್ತೆ ಕಬ್ಬು ಕಡಿಯಲು ಕಳಿಸಿದರೆ ಎಂಬುದು. ಹಾಗೆ ಎಬ್ಬಿಸಿದ ಹೆಣವೇ ಜೋಂಬಿ. ಅದು ಹೇಳಿದ ಕೆಲಸ ಮಾಡುತ್ತದೆ, ಯಾಕೆ ಎಂದು ಕೇಳುವುದಿಲ್ಲ. ಉಪ್ಪು ತಿನ್ನಿಸಿದರೆ ಮಾತ್ರ ಎಚ್ಚರವಾಗುತ್ತದೆ, ತಾನು ಏನಾಗಿದ್ದೇನೆ ಎಂದು ಅದಕ್ಕೆ ಗೊತ್ತಾಗುತ್ತದೆ. ಇಂದಿನ ಪ್ರಜೆಯೂ ಹೀಗೆಯೇ ಎಂದು ಭಾಷಣಕಾರರು ಮೇಜು ಗುದ್ದಿದರು. ಸಭೆಯಲ್ಲಿ ಮುಕ್ಕಾಲು ಮಂದಿ ತಲೆ ತಗ್ಗಿಸಿ ಮೊಬೈಲು ತೀಡುತ್ತಿದ್ದರು, ಚಪ್ಪಾಳೆ ಕೇಳಿಸಿದಾಗ ತಲೆ ಎತ್ತದೆಯೇ ಚಪ್ಪಾಳೆ ತಟ್ಟಿದರು.

ಅಲ್ಲಿಂದ ಈ ಅಂಗಡಿಗೆ ಬಂದು ನಾನು ಹಮೀದರಿಗೆ ನನ್ನದೇ ಒಂದು ಭಾಷಣ ಕೊಟ್ಟೆ. ಈ ಜೋಂಬಿಗಿಂತ ನಮ್ಮ ತುಳುವರ ಕುಲೆ ಎಷ್ಟೋ ವಾಸಿ ಎಂದೆ. ಕುಲೆ ಎಂದರೆ ಸತ್ತವರ ಜೀವ. ಅದಕ್ಕೆ ಹಸಿವು ಉಂಟು, ಕೋಪ ಉಂಟು, ಬಡಿಸಿದ್ದು ಸಾಲದಿದ್ದರೆ ತಕರಾರು ಉಂಟು. ಯಾರ ಮಾತನ್ನೂ ಕೇಳುವುದಿಲ್ಲ. ಹಾಗೆಂದು ನಾನೇನು ಕುಲೆಯನ್ನು ನಂಬುವವನಲ್ಲ. ನನ್ನ ಅಮ್ಮ ಮಣ್ಣಗುಡ್ಡದ ಮನೆಯಲ್ಲಿ ವರ್ಷಕ್ಕೊಮ್ಮೆ ಸತ್ತವರಿಗೆ ಎಲೆ ಹಾಕಿ ಬಡಿಸಿ, ನಮ್ಮನ್ನೆಲ್ಲ ಹೊರಗೆ ನಿಲ್ಲಿಸಿ ಬಾಗಿಲು ಎಳೆಯುತ್ತಿದ್ದಳು. ಅವಳು ಹೋದ ಮೇಲೆ ನಾನು ಅದನ್ನು ನಿಲ್ಲಿಸಿದೆ. ಒಂದು ಕಡೆ ಮೂಢನಂಬಿಕೆಯವರು, ಇನ್ನೊಂದು ಕಡೆ ಮೊಬೈಲಿನವರು, ನಡುವೆ ಕಣ್ಣು ತೆರೆದುಕೊಂಡು ನಡೆಯುವವನು ನಾನೊಬ್ಬನೇ ಎಂಬ ಭಾವನೆ ನನಗೆ ಧಾರಾಳವಾಗಿ ಇತ್ತು. ಹಮೀದರು ಮುಖವಾಡಗಳನ್ನು ಮಡಚಿಡುತ್ತಾ ಸುಮ್ಮನೆ ನಕ್ಕರು.

ಮುಂದಿನ ವಾರವೇ ನಮ್ಮಿಬ್ಬರಿಗೂ ಸಮೀಕ್ಷೆಯ ಕೆಲಸ ಬಿತ್ತು. ಮನೆ ಮನೆಗೆ ಹೋಗಿ ಯಾರಿದ್ದಾರೆ, ಏನು ಓದಿದ್ದಾರೆ, ಏನು ದುಡಿಮೆ ಎಂದು ಮೊಬೈಲಿನ ಆ್ಯಪಿಗೆ ತುಂಬಬೇಕು. ಮಳೆ ಜೋರಾಗಿ ಮಕ್ಕಳಿಗೆ ರಜೆ ಸಾರಿದರು. ಮೇಷ್ಟ್ರುಗಳು ಉಪ್ಪಿನ ಗೊಂಬೆಗಳಲ್ಲವಲ್ಲ, ನಮಗೆ ರಜೆ ಇಲ್ಲ. ನನಗೆ ಕುಲಶೇಖರದ ಒಂದು ಭಾಗ, ಹಮೀದರಿಗೆ ಅದರ ಪಕ್ಕದ್ದು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲದೊಳಗಿನ ಮೊಬೈಲು. ನೆಟ್‌ವರ್ಕ್ ಸಿಗದೆ ಚಕ್ರ ತಿರುಗುತ್ತಿರುವಾಗ ಜನರ ಜಗಲಿಗಳಲ್ಲಿ ನಾಯಿಯನ್ನು ನೋಡುತ್ತಾ ನಿಲ್ಲಬೇಕು. ದಿನಕ್ಕೆ ಇಷ್ಟು ಮನೆ ಎಂದು ಮೇಲಿನಿಂದ ಆಜ್ಞೆ. ಸಂಜೆ ಮೇಲ್ವಿಚಾರಕರು ವಾಟ್ಸಾಪಿನಲ್ಲಿ ಹಿಂದೆ ಬಿದ್ದವರ ಪಟ್ಟಿ ಹಾಕುತ್ತಿದ್ದರು, ಕೆಳಗೆ ನಾವೆಲ್ಲ ಕೈಮುಗಿದ ಚಿತ್ರ ಹಾಕುತ್ತಿದ್ದೆವು. ನಾಲ್ಕನೆಯ ದಿನಕ್ಕೆ ನನ್ನ ಹೆಬ್ಬೆರಳಿಗೆ ನನ್ನ ಸಹಾಯ ಬೇಕಾಗುತ್ತಿರಲಿಲ್ಲ. ಬಾಯಿ ಕೇಳುತ್ತಿತ್ತು, ಬೆರಳು ಒತ್ತುತ್ತಿತ್ತು. ನಾನು ಎಲ್ಲಿ ಇರುತ್ತಿದ್ದೆನೋ ನನಗೇ ಗೊತ್ತಿಲ್ಲ.

ಗಿರಿಜಕ್ಕನ ಮನೆಗೆ ಹೋದದ್ದು ಅಂಥ ಒಂದು ದಿನ. ಮೊದಲು ಅವರಿಗೆ ಅಲ್ಲಿಯೇ ಎರಡು ಗದ್ದೆ ಇದ್ದವಂತೆ; ಈಗ ಗದ್ದೆಯ ಮೇಲೆ ಯಾರದೋ ಫ್ಲ್ಯಾಟು ನಿಂತಿದೆ. ಗಂಡ ತೀರಿಕೊಂಡಿದ್ದಾರೆ. ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ತಡ್ಪೆ ಎಂದರೆ ಮೊರ. ಅದರಲ್ಲೇ ಎಲೆ, ಹೊಗೆಸೊಪ್ಪು, ನೂಲು ಎಲ್ಲ. ನಾನು ಕೇಳಿದ್ದಕ್ಕೆಲ್ಲ ಕೈ ನಿಲ್ಲಿಸದೆ ಉತ್ತರ ಹೇಳಿದರು. ಎಷ್ಟು ಮಕ್ಕಳು ಎಂದಾಗ ಇಬ್ಬರು ಎಂದರು. ಸಣ್ಣವಳು ಹೇಮಲತಾ, ನರ್ಸಿಂಗ್ ಮುಗಿಸಿ ಆಸ್ಪತ್ರೆಯಲ್ಲಿದ್ದಾಳೆ, ಗಲ್ಫಿಗೆ ಹೋಗುವ ತಯಾರಿ. ದೊಡ್ಡವಳು ಪ್ರೇಮಲತಾ, ಇಪ್ಪತ್ತಾರು ವರ್ಷ. ಅವಳು ಎಲ್ಲಿದ್ದಾಳೆ ಎಂದು ಕೇಳಿದೆ.

“ಅವಳಿಗೆ ಹೋದ ಆಟಿಯಲ್ಲಿ ಮದುವೆ ಮಾಡಿದೆವು ಮಾಷ್ಟ್ರೇ. ಒಳ್ಳೆ ಮನೆಯವರು ಸಿಕ್ಕಿದರು.”

ನಾನು ‘ವಿವಾಹಿತೆ’ ಎಂಬುದನ್ನು ಒತ್ತಿದೆ. ರೇಷನ್ ಕಾರ್ಡಿನಲ್ಲಿ ಅವಳ ಹೆಸರು ಇರಲಿಲ್ಲ. ಗುರುತಿನ ಸಂಖ್ಯೆ ಕೇಳಿದರೆ ಅದೂ ಇಲ್ಲ ಎಂದರು. ಗಂಡನ ಮನೆಯ ಕಾರ್ಡಿಗಾದರೂ ಸೇರಿಸಿದ್ದಾರೆಯೇ ಎಂದು ರೇಗಿದೆ. ಅವರ ಕೈ ಆಗ ಒಂದು ಕ್ಷಣ ನಿಂತಿತು.

“ಅವಳ ಹೆಸರು ಎಲ್ಲಿಯೂ ಇಲ್ಲ. ನೀವಾದ್ರೂ ಬರ್ಕೊಳ್ಳಿ.”

ಈ ಜನಕ್ಕೆ ಒಂದು ಕಾಗದ ನೆಟ್ಟಗೆ ಇಟ್ಟುಕೊಳ್ಳಲು ಬರುವುದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು, ಹಾಳಾಗಿ ಹೋಗಲಿ ಎಂದು ಪ್ರೇಮಲತಾಳನ್ನು ಅದೇ ಮನೆಯ ಲೆಕ್ಕಕ್ಕೆ ಸೇರಿಸಿದೆ. ಸಂಖ್ಯೆ ಇಲ್ಲದವರಿಗೆಂದು ಆ್ಯಪಿನಲ್ಲಿ ಬೇರೆಯೇ ಒಂದು ದಾರಿ ಇತ್ತು, ಅದರಲ್ಲಿ ತೂರಿಸಿದೆ. ಹಸಿರು ಗುರುತು ಬಂತು. ಗಿರಿಜಕ್ಕ ಬಗ್ಗಿ ನೋಡಿ, ಅವಳ ಹೆಸರು ಯಾವುದು ಎಂದು ಕೇಳಿದರು. ತೋರಿಸಿದೆ. ಅಷ್ಟು ಹೊತ್ತು ನೋಡುವಂಥದ್ದು ಅದರಲ್ಲಿ ಏನಿತ್ತೋ ಎಂದು ನನಗೆ ಕಿರಿಕಿರಿಯಾಯಿತು.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿದಾಗ ಹಮೀದರಿಗೆ ಈ ಕತೆ ಹೇಳಿದೆ. ಮಗಳಿಗೆ ಮದುವೆಯಾಗಿ ವರ್ಷವಾದರೂ ಒಂದು ಕಾಗದ ಮಾಡಿಸದ ಜನ ಎಂದು ನಗಲು ಹೊರಟೆ. ಹಮೀದರು ಊಟ ನಿಲ್ಲಿಸಿದರು. ಮದುವೆ ಯಾವಾಗ ಅಂದರು ಎಂದು ಮತ್ತೆ ಕೇಳಿದರು. ನಾನು ಮತ್ತೆ ಹೇಳಿದೆ.

“ಎಂತ ಮಾಷ್ಟ್ರೇ, ಆಟಿಯಲ್ಲಿ ಯಾರಾದ್ರೂ ಮದುವೆ ಮಾಡ್ತಾರಾ? ಬದುಕಿದವರಿಗೆ?”

ಬ್ಯಾರಿ ಮುಸ್ಲಿಮರಾದ ಹಮೀದರು ತುಳುವನಾದ ನನಗೆ ಅದನ್ನು ಹೇಳಬೇಕಾಯಿತು. ಆಟಿ ಎಂದರೆ ಮಳೆಗಾಲದ ನಟ್ಟನಡುವಿನ ತಿಂಗಳು. ಆ ತಿಂಗಳಲ್ಲಿ ತುಳುವರ ಮನೆಗಳಲ್ಲಿ ಒಂದು ಒಳ್ಳೆಯ ಕೆಲಸವೂ ನಡೆಯುವುದಿಲ್ಲ. ನಡೆಯುವ ಮದುವೆ ಒಂದೇ, ಕುಲೆಗಳದ್ದು. ಎಳವೆಯಲ್ಲಿ ಸತ್ತ ಮಗು ಬದುಕಿದ್ದರೆ ಮದುವೆಯ ಪ್ರಾಯವಾಗುತ್ತಿತ್ತು ಎನ್ನುವಾಗ, ಹಾಗೆಯೇ ಸತ್ತ ಇನ್ನೊಂದು ಮಗುವಿನ ಮನೆಯವರನ್ನು ಹುಡುಕಿ, ಒಂದು ಮಣೆಯ ಮೇಲೆ ಸೀರೆ ಬಳೆ, ಇನ್ನೊಂದರ ಮೇಲೆ ಪಂಚೆ ಶಾಲು ಇಟ್ಟು ಧಾರೆ ಎರೆಯುತ್ತಾರೆ. ಆಮೇಲೆ ಅವರು ಬೀಗರು. ಹುಡುಗಿ ಗಂಡನ ಮನೆಯಲ್ಲಿದ್ದಾಳೆ. ಇದು ತುಳು ಮಾತಾಡುವ ಐದು ವರ್ಷದ ಮಗುವಿಗೂ ಗೊತ್ತು. ಗಿರಿಜಕ್ಕ ಒಂದು ಮಾತನ್ನೂ ಮುಚ್ಚಿಟ್ಟಿರಲಿಲ್ಲ. ಆಟಿ ಎಂದ ಮೇಲೆ ಇನ್ನು ಹೇಳುವುದು ಏನು ಉಳಿದಿತ್ತು. ಕೇಳಿದವನಿಗೆ ಕಿವಿ ಇರಲಿಲ್ಲ.

ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಸಿಟ್ಟು. ಸತ್ತವಳನ್ನು ಲೆಕ್ಕಕ್ಕೆ ಸೇರಿಸಿದರೆ ನನ್ನ ಹೆಸರು ಸಂಜೆಯ ಪಟ್ಟಿಗೆ ಬರುತ್ತದೆ ಎಂಬ ಯೋಚನೆ ಮಾತ್ರ ತಲೆಯಲ್ಲಿತ್ತು. ಮೇಲ್ವಿಚಾರಕರಿಗೆ ಫೋನು ಮಾಡಿದರೆ ಮೆಸೇಜು ಹಾಕಿ, ಕಚೇರಿಯಲ್ಲಿ ಸರಿ ಮಾಡ್ತಾರೆ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಟೈಪು ಮಾಡಿದೆ. ಮನೆ ಸಂಖ್ಯೆ ಹಾಕಿದೆ. ‘ಗಿರಿಜಾ ಅವರ ಮಗಳು ಮೃತಪಟ್ಟಿದ್ದಾರೆ. ತೆಗೆಯಿರಿ.’ ಯಾವ ಮಗಳು ಎಂದು ಬರೆಯಲಿಲ್ಲ. ಕೈಮುಗಿದ ಚಿತ್ರ ಬಂತು, ನಾನೂ ಒಂದು ಹಾಕಿದೆ.

ಒಂದು ತಿಂಗಳ ಮೇಲೆ ಶಾಲೆಯ ಕಾರಿಡಾರಿನಲ್ಲಿ ಒಬ್ಬಳು ಹುಡುಗಿ ಕೊಡೆಯಿಂದ ನೀರು ಇಳಿಸುತ್ತಾ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಫೈಲು.

“ಸರ್, ನಾನು ಹೇಮಲತಾ. ಕುಲಶೇಖರದ ಗಿರಿಜಾ ಅವರ ಮಗಳು. ನಾನು ಸತ್ತು ಹೋಗಿದ್ದೇನಂತೆ.”

ಕಚೇರಿಯವರು ರೇಷನ್ ಕಾರ್ಡು ತೆರೆದು ನೋಡಿದ್ದಾರೆ. ಗಿರಿಜಾ ಅವರಿಗೆ ಅದರಲ್ಲಿ ಇದ್ದದ್ದು ಒಬ್ಬಳೇ ಮಗಳು. ಅವಳ ಹೆಸರಿನ ಮುಂದೆ ಮೃತ ಎಂದು ಹಾಕಿ ಕೆಲಸ ಮುಗಿಸಿದ್ದಾರೆ. ಗಲ್ಫಿನ ಆಸ್ಪತ್ರೆಗೆ ಅವಳು ಹದಿನೈದು ದಿನಗಳೊಳಗೆ ಕಾಗದಗಳನ್ನು ಕಳಿಸಬೇಕಿತ್ತು. ಎಲ್ಲಿ ಹೋದರೂ ಸತ್ತವಳ ಕಾಗದಕ್ಕೆ ಸೀಲು ಹಾಕುವವರಿಲ್ಲ. ದಿನ ಮೀರಿದರೆ ಆ ಜಾಗ ಇನ್ನೊಬ್ಬಳಿಗೆ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಅಮ್ಮ ಮೂರು ದಿನದಿಂದ ನೆಟ್ಟಗೆ ಊಟ ಮಾಡಿಲ್ಲ ಎಂದಷ್ಟೇ ಹೇಳಿದಳು. ದೊಡ್ಡವಳು ಮದುವೆಯಾಗದೆ ತಂಗಿಯ ದಾರಿಗೆ ಅಡ್ಡ ನಿಂತಿದ್ದಾಳೆ ಎಂದು ಜೋಯಿಸರು ಕವಡೆ ಹಾಕಿ ನೋಡಿದ ಪ್ರಶ್ನೆಯಲ್ಲಿ ಕಂಡು, ಅದಕ್ಕೇ ಆ ಮದುವೆ ಮಾಡಿಸಿದ್ದರಂತೆ. ಈಗ ದೊಡ್ಡವಳು ಸಮಾಧಾನವಾಗದೆ ತಂಗಿಯನ್ನೂ ಕರೆಯುತ್ತಿದ್ದಾಳೆ ಎಂದು ಅಮ್ಮ ನಂಬಿದ್ದಾರೆ ಎಂದಳು.

ಕರೆದದ್ದು ಅಕ್ಕನಲ್ಲ, ನಾನು. ಅದನ್ನು ಬಿಟ್ಟು, ಸರಿ ಮಾಡಿಸುತ್ತೇನೆ ಎಂದಷ್ಟೇ ಅವಳಿಗೆ ಹೇಳಿದೆ. ಕಚೇರಿಗೆ ಹೋದೆ. ಮೇಲ್ವಿಚಾರಕರು ಬಹಳ ಒಳ್ಳೆಯವರ ಹಾಗೆ ಒಂದು ಹೇಳಿಕೆಯನ್ನು ಟೈಪು ಮಾಡಿಸಿಯೇ ಇಟ್ಟಿದ್ದರು. ‘ಮಾಹಿತಿದಾರರು ಉದ್ದೇಶಪೂರ್ವಕವಾಗಿ ತಪ್ಪು ಮಾಹಿತಿ ನೀಡಿದ್ದರಿಂದ’ ಎಂದು ಶುರು. ಕೆಳಗೆ ನನ್ನ ಸಹಿ, ಅದರ ಕೆಳಗೆ ಗಿರಿಜಕ್ಕನ ಸಹಿ. ಹೀಗಾದರೆ ಸಂಜೆಯೊಳಗೆ ಹೆಸರು ಸರಿಯಾಗುತ್ತದೆ, ಯಾರಿಗೂ ತೊಂದರೆಯಿಲ್ಲ. ಬೇರೆ ಥರ ಬರೆದರೆ ನಿಮಗೆ ನೋಟಿಸು ಬರುತ್ತದೆ, ಯೋಚಿಸಿ ಎಂದರು. ನಾನು ಯೋಚಿಸಲಿಲ್ಲ. ಪೆನ್ನು ತೆಗೆದು ಸಹಿ ಹಾಕಿದೆ. ಎಷ್ಟು ಸಲೀಸಾಗಿ ಹಾಕಿದೆ ಎಂದರೆ ಪೂರ್ತಿ ಓದಿದೆನೋ ಇಲ್ಲವೋ ನೆನಪಿಲ್ಲ.

ಕುಲಶೇಖರಕ್ಕೆ ಹಮೀದರೂ ಜೊತೆಗೆ ಬಂದರು. ಬಸ್ಸಿನಲ್ಲಿ ಕಾಗದ ಓದಿ, ಮಡಚಿ, ನನ್ನ ಕೈಗೆ ಕೊಟ್ಟರು. ಆ ಹೆಂಗಸು ಸರಿಯಾಗಿಯೇ ಹೇಳಿದ್ದಾರಲ್ಲ ಎಂದರು, ಆಮೇಲೆ ಕಿಟಕಿಯ ಕಡೆಗೆ ತಿರುಗಿ ಕೂತರು.

ಗಿರಿಜಕ್ಕ ಸೊರಗಿದ್ದರು. ತಡ್ಪೆ ಗೋಡೆಗೆ ಒರಗಿತ್ತು. ಹೇಮಲತಾ ಕಾಗದವನ್ನು ಓದಿ ಹೇಳಿದಳು. ‘ಉದ್ದೇಶಪೂರ್ವಕ’ ಎಂಬಲ್ಲಿ ಅವಳ ಧ್ವನಿ ತಗ್ಗಿತು. ಅದರ ಅರ್ಥ ಏನು ಎಂದು ತಾಯಿ ಕೇಳಿದರು. ಬೇಕೆಂದೇ ಸುಳ್ಳು ಹೇಳಿದ್ದು ಎಂದು ಮಗಳು ಹೇಳಿದಳು. ಗಿರಿಜಕ್ಕ ನನ್ನ ಮುಖ ನೋಡಿದರು.

“ನಾನು ಸುಳ್ಳು ಹೇಳ್ಲಿಲ್ಲ ಮಾಷ್ಟ್ರೇ. ಆದ್ರೆ ಇದಕ್ಕೆ ಸಹಿ ಹಾಕಿದ್ರೆ ಸಣ್ಣವಳು ಉಳೀತಾಳೆ ಅಂತಾದ್ರೆ ಹಾಕ್ತೇನೆ. ಪೆನ್ನು ಕೊಡಿ.”

ಕೈ ಚಾಚಿಯೇ ಬಿಟ್ಟರು. ಹೊಗೆಸೊಪ್ಪಿನ ಕಲೆ ಹಿಡಿದ ಆ ಬೆರಳುಗಳನ್ನು ನೋಡಿದಾಗ ನನಗೆ ನನ್ನ ಬಗ್ಗೆ ಹುಟ್ಟಿದ ತಿರಸ್ಕಾರ ಇವತ್ತಿಗೂ ಆರಿಲ್ಲ. ಊರಿನವರೆಲ್ಲ ಹೆಣಗಳು, ಎಚ್ಚರವಾಗಿರುವವನು ತಾನು ಎಂದು ಮುಖವಾಡಗಳ ನಡುವೆ ನಿಂತು ಭಾಷಣ ಬಿಗಿದವನು ಈತ. ಹೇಳಿದ ಮನೆಗೆ ಹೋದ, ಹೇಳಿದ್ದನ್ನು ಒತ್ತಿದ, ಹೇಳಿದಲ್ಲಿ ಸಹಿ ಹಾಕಿದ, ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ. ಕಬ್ಬಿನ ತೋಟವೂ ಬೇಕಾಗಲಿಲ್ಲ, ಚಾಟಿಯೂ ಬೇಕಾಗಲಿಲ್ಲ, ವಾಟ್ಸಾಪಿನ ಒಂದು ಪಟ್ಟಿ ಸಾಕಾಯಿತು. ಆ ಗುಲಾಮರಿಗಾದರೂ ಎಬ್ಬಿಸಿಯಾರು ಎಂಬ ಹೆದರಿಕೆ ಇತ್ತು. ನಾನು ಎದ್ದು, ಚಹಾ ಕುಡಿದು, ನಾನಾಗಿಯೇ ಕೆಲಸಕ್ಕೆ ಹೋಗಿದ್ದೆ.

ಕಾಗದವನ್ನು ಅವರ ಕೈಯಿಂದ ತೆಗೆದುಕೊಂಡು ಹರಿದೆ. ಹೇಮಲತಾ ಬೆಚ್ಚಿದಳು, ಅವಳ ಹದಿನೈದು ದಿನದಲ್ಲಿ ಆರು ಆಗಲೇ ಮುಗಿದಿದ್ದವು. ಒಂದು ಬಿಳಿ ಹಾಳೆ ಕೇಳಿದೆ. ಮೇಜು ಇರಲಿಲ್ಲ, ಗಿರಿಜಕ್ಕ ತಡ್ಪೆಯನ್ನು ಕೊಡವಿ, ಬೋರಲು ಹಾಕಿ ಮುಂದಿಟ್ಟರು. ಅದರ ಮೇಲೆ ಬರೆದೆ. ಮಾಹಿತಿದಾರರು ಸತ್ಯವನ್ನೇ ಹೇಳಿದ್ದಾರೆ. ಆಟಿಯಲ್ಲಿ ಮದುವೆಯಾಗಿದೆ ಎಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ನಾನು ತುಳು ಬಲ್ಲವನಾಗಿಯೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಯಾವ ಮಗಳು ಎಂದು ಬರೆಯದೆ ಬದುಕಿರುವವಳನ್ನು ಸಾಯಿಸಿದ್ದೇನೆ. ತಪ್ಪು ಸಂಪೂರ್ಣ ನನ್ನದು. ಬಿದಿರಿನ ಗೆರೆಗಳ ಮೇಲೆ ಅಕ್ಷರ ಸೊಟ್ಟಗಾದವು. ನನ್ನ ಜೀವಮಾನದಲ್ಲಿ ನಾನೇ ಯೋಚಿಸಿ ಬರೆದ ಸರಕಾರಿ ಕಾಗದ ಅದೊಂದೇ.

ಹೊರಡಲು ಎದ್ದರೆ ಬಿಡಲಿಲ್ಲ. ಗಂಜಿಯ ಜೊತೆ ಉಪ್ಪಡ್ ಪಚ್ಚಿಲಿನ ಪಲ್ಯ ಬಡಿಸಿದರು, ಉಪ್ಪಿನ ನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯದ್ದು. ಎಷ್ಟು ತೊಳೆದರೂ ಅದರ ಉಪ್ಪು ಪೂರ್ತಿ ಹೋಗುವುದಿಲ್ಲ. ವಿಮಾನದಲ್ಲಿ ಬಂದವರ ಭಾಷಣ ನೆನಪಾಗಿ ನನಗೆ ನಗು ಬಂತು, ಯಾಕೆಂದು ಹಮೀದರಿಗೆ ಮಾತ್ರ ಗೊತ್ತಾಯಿತು.

ನೋಟಿಸು ಬಂತು. ನನ್ನ ಸೇವಾ ಪುಸ್ತಕದಲ್ಲಿ ನಿರ್ಲಕ್ಷ್ಯ ಎಂದು ಒಂದು ಸಾಲು ಇದೆ, ಅದು ಅಲ್ಲಿರಬೇಕಾದ ಸಾಲು. ಆ ಕಾಗದ ಹಿಡಿದು ನಾನೂ ಹಮೀದರೂ ಎಂಟು ದಿನ ಮೇಜಿನಿಂದ ಮೇಜಿಗೆ ಅಲೆದೆವು. ಒಂದು ಕಡೆ ಸಹಿ ಹಾಕುವವರು ರಜೆಯಲ್ಲಿದ್ದರು. ಇನ್ನೊಂದು ಕಡೆ ಹೇಮಲತಾ ಎದುರಿಗೇ ನಿಂತಿದ್ದರೂ ಅವಳು ಬದುಕಿರುವುದಕ್ಕೆ ಪುರಾವೆ ಕೇಳಿದರು. ಹದಿನಾಲ್ಕನೆಯ ದಿನ ಅವಳು ಬದುಕಿದಳು. ಅಕ್ಕನ ಹೆಸರು ಮಾತ್ರ ಸಮೀಕ್ಷೆಯಿಂದ ಹೋಗಲಿಲ್ಲ. ತೆಗೆಯಬೇಕಾದರೆ ಮರಣದ ದಾಖಲೆ ಬೇಕು, ಮರಣದ ದಾಖಲೆಗೆ ಜನನದ ದಾಖಲೆ ಬೇಕು. ಮನೆಯಲ್ಲೇ ಹುಟ್ಟಿ, ಮೂರು ತಿಂಗಳಿಗೆ ಮನೆಯಲ್ಲೇ ಹೋದ ಮಗುವಿನದ್ದು ಎರಡೂ ಇಲ್ಲ. ಹುಟ್ಟದೆ ಇರುವವಳು ಸಾಯುವುದು ಹೇಗೆ ಎಂದು ಗುಮಾಸ್ತರು ನನ್ನನ್ನೇ ಕೇಳಿದರು. ನಾನು ವಾದ ಮಾಡಲಿಲ್ಲ.

ಅಂದಿನಿಂದ ಪ್ರತಿ ಆಟಿಯಲ್ಲಿ ಗಿರಿಜಕ್ಕ ಸತ್ತವರಿಗೆ ಬಡಿಸುವ ದಿನ ನನ್ನನ್ನು ಊಟಕ್ಕೆ ಕರೆಯುತ್ತಾರೆ. ಈಗಲೂ ನಾನು ಕುಲೆಯನ್ನು ನಂಬುವುದಿಲ್ಲ, ಎಲೆ ಹಾಕುವಾಗ ಬಾಗಿಲ ಹೊರಗೆ ನಿಲ್ಲುತ್ತೇನೆ, ಅಷ್ಟೆ. ಕಳೆದ ವಾರ ಮಳೆ ಸ್ವಲ್ಪ ಬಿಟ್ಟ ಮೇಲೆ ಮುಖವಾಡಗಳ ಅಂಗಡಿಯಿಂದ ಇಳಿದು, ಮುಂದಿನ ಬಸ್ಸು ಹಿಡಿದು ಅಲ್ಲಿಗೇ ಹೋದೆ. ಹೇಮಲತಾ ಶುಕ್ರವಾರ ಶುಕ್ರವಾರ ಫೋನು ಮಾಡುತ್ತಾಳಂತೆ, ಸ್ವಲ್ಪ ದಪ್ಪಗಾಗಿದ್ದಾಳಂತೆ. ಒಳಗೆ ಬಾಳೆ ಎಲೆಯ ಮೇಲೆ ಕೆಂಪು ಸೀರೆಯ ಪಕ್ಕ ಬಳೆ ಇಟ್ಟು ಬಂದ ಗಿರಿಜಕ್ಕ ಬಾಗಿಲು ಎಳೆದು, ವರ್ಷ ವರ್ಷ ಕೇಳುವುದನ್ನೇ ಕೇಳಿದರು.

“ದೊಡ್ಡವಳ ಹೆಸರು ಉಂಟಲ್ಲ ಮಾಷ್ಟ್ರೇ, ನಿಮ್ಮ ಅದರಲ್ಲಿ?”

“ಇದ್ದಾಳೆ ಗಿರಿಜಕ್ಕ,” ಎಂದೆ.